ಅಡುಗೆಮನೆ ಬಾಗಿಲಲ್ಲಿ ಶುರುವಾದ ಜಪಾನ್ ಪ್ಲಾನ್

2025ರ ಜನವರಿಯ ಒಂದು ಭಾನುವಾರ. ಮಗನನ್ನು ಅಡುಗೆಮನೆ ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿದೆ. ತಲೆ ಮೇಲೆ ಸ್ಕೇಲ್ ಇಟ್ಟು ಪೆನ್ಸಿಲ್‌ನಲ್ಲಿ ಗೆರೆ ಎಳೆದೆ. 115 ಸೆಂಟಿಮೀಟರ್. ಅವನಿಗೆ ಬೇಕಾಗಿದ್ದು 117.

ಟೋಕಿಯೊ ಡಿಸ್ನಿಸೀ ಪಾರ್ಕಿನ ನಡುವೆ ಒಂದು ಜ್ವಾಲಾಮುಖಿ ಬೆಟ್ಟ ಕಟ್ಟಿದ್ದಾರೆ. ಅದರ ಹೊಟ್ಟೆಯೊಳಗೆ ಹೋಗುವ ರೈಡ್ 'ಜರ್ನಿ ಟು ದಿ ಸೆಂಟರ್ ಆಫ್ ದಿ ಅರ್ತ್'. 117 ಸೆಂಟಿಮೀಟರಿಗಿಂತ ಗಿಡ್ಡ ಇರುವವರನ್ನು ಅದಕ್ಕೆ ಹತ್ತಿಸುವುದಿಲ್ಲ. ಆರು ದಾಟಿ ಏಳಕ್ಕೆ ಬಿದ್ದ ಮಕ್ಕಳು ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯುತ್ತಾರೆ. ನಾವು ಹೊರಡಬೇಕೆಂದಿದ್ದು ಮೇ ಕೊನೆಗೆ. ನಾಲ್ಕು ತಿಂಗಳಲ್ಲಿ ಎರಡು ಸೆಂಟಿಮೀಟರ್. ಲೆಕ್ಕ ಕೂದಲೆಳೆಯಲ್ಲಿ ನಿಂತಿತ್ತು. ಅವತ್ತಿನಿಂದ ಪ್ರತಿ ಭಾನುವಾರ ಬಾಗಿಲ ಹತ್ತಿರ ಹಾಜರಿ.

ಹೊರಟಿದ್ದು ನಾಲ್ಕು ಜನ. ನಾನು, ನಮ್ಮವರು, ಮಗ, ಅತ್ತೆ. ಅತ್ತೆಗೆ 68 ವರ್ಷ, ಎರಡೂ ಮಂಡಿ ನೋವು. ಮೊದಲ ವಾರ ನಾನು ಮಾಡಿದ ಪಟ್ಟಿ ಈಗ ನೋಡಿದರೆ ನಗು ಬರುತ್ತದೆ. ಟೋಕಿಯೊ ಡಿಸ್ನಿಲ್ಯಾಂಡ್, ಡಿಸ್ನಿಸೀ, ಒಸಾಕಾದ ಯೂನಿವರ್ಸಲ್ ಸ್ಟುಡಿಯೋಸ್, ಫುಜಿ ಬೆಟ್ಟ, ಕ್ಯೋಟೊ, ನಾರಾ, ಹಿರೋಶಿಮಾ. ಎಲ್ಲ ಹತ್ತು ದಿನಕ್ಕೆ. ಅತ್ತೆ ಕನ್ನಡಕ ಹಾಕಿಕೊಂಡು ಇಡೀ ಪಟ್ಟಿ ಓದಿದರು. "ಇಷ್ಟೆಲ್ಲ ತಿರುಗಿದ್ರೆ ನಾನು ವಾಪಸ್ ಬರೋದು ಆಂಬುಲೆನ್ಸ್‌ನಲ್ಲೇ ಕಣಮ್ಮ" ಅಂದರು.

ಸರಿ ಅಂತ ಪಟ್ಟಿ ಹರಿದು ಹಾಕಿದೆ. ರಾತ್ರಿ ಊಟಕ್ಕೆ ಕೂತಾಗ ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದೆ. ಯಾವುದು ತಪ್ಪಿಹೋದರೆ ನಿಮಗೆ ಅಳು ಬರುತ್ತೆ? ಒಂದೇ ಹೇಳಬೇಕು. ಮಗ ಬಾಯಲ್ಲಿದ್ದ ತುತ್ತು ನುಂಗುವ ಮೊದಲೇ "ಮಾರಿಯೊ" ಅಂದ. ಅವನ ವಿಡಿಯೊ ಗೇಮ್ ಹೀರೊ, ಒಸಾಕಾದ ಯೂನಿವರ್ಸಲ್ ಥೀಮ್ ಪಾರ್ಕಿನಲ್ಲಿ ಸಿಗುತ್ತಾನೆ. ನಮ್ಮವರಿಗೆ ಬುಲೆಟ್ ರೈಲು. ಅತ್ತೆ ಸ್ವಲ್ಪ ಯೋಚಿಸಿ, "ಕೂತ್ಕೊಂಡು ನೀರು ನೋಡೋ ಜಾಗ ಇದ್ರೆ ಸಾಕು" ಅಂದರು. ನನ್ನದು ಡಿಸ್ನಿಸೀ. ಜ್ವಾಲಾಮುಖಿ ಯಾಕೆ ಹೇಳಲಿಲ್ಲ ಅಂತ ಮಗನನ್ನು ಕೇಳಿದೆ. "ಅದು ನಿನ್ನ ಲಿಸ್ಟಲ್ಲಿ ಬರುತ್ತಲ್ಲ" ಅಂದ. ಕಿಲಾಡಿ.

ಇದರಿಂದ ಅರ್ಧ ಕೆಲಸ ಮುಗಿಯಿತು. ಟೋಕಿಯೊ ಡಿಸ್ನಿಲ್ಯಾಂಡ್ 1983ರ ಏಪ್ರಿಲ್ 15ರಂದು ತೆರೆದದ್ದು, ಅಮೆರಿಕದ ಹೊರಗೆ ಬಂದ ಮೊದಲ ಡಿಸ್ನಿ ಪಾರ್ಕ್. ಪಕ್ಕದಲ್ಲೇ 2001ರ ಸೆಪ್ಟೆಂಬರ್‌ನಲ್ಲಿ ಶುರುವಾದದ್ದು ಡಿಸ್ನಿಸೀ. ಎರಡಕ್ಕೂ ಒಂದೊಂದು ಪೂರ್ತಿ ದಿನ ಬೇಕು, ಟಿಕೆಟ್ಟೂ ಬೇರೆ ಬೇರೆ. ಕೋಟೆ ಇರುವ ಡಿಸ್ನಿಲ್ಯಾಂಡ್ ಬೇರೆ ದೇಶಗಳಲ್ಲೂ ಸಿಗುತ್ತದೆ. ಬಂದರು, ಹಡಗು, ಕಾಲುವೆ ಅಂತ ಪೂರ್ತಿ ನೀರಿನ ಸುತ್ತ ಕಟ್ಟಿರುವ ಡಿಸ್ನಿಸೀ ಇಲ್ಲಿ ಬಿಟ್ಟರೆ ಎಲ್ಲೂ ಇಲ್ಲ. ಅತ್ತೆ ಕೇಳಿದ ನೀರೂ ಅಲ್ಲೇ ಇತ್ತು. ಡಿಸ್ನಿಲ್ಯಾಂಡ್‌ನ ಸ್ಪೇಸ್ ಮೌಂಟನ್ ರೈಡ್ ಅನ್ನು ಹೊಸದಾಗಿ ಕಟ್ಟಲು 2024ರ ಜುಲೈನಲ್ಲೇ ಮುಚ್ಚಿದ್ದರು. ಅದರಿಂದ ಡಿಸ್ನಿಲ್ಯಾಂಡ್ ಬಿಡುವ ಸಂಕಟವೂ ಸ್ವಲ್ಪ ಕಡಿಮೆಯಾಯಿತು. ಹಿರೋಶಿಮಾ, ನಾರಾ, ಫುಜಿಗೆ ಒಂದು ದಿನದ ಟೂರ್ ಎಲ್ಲಾ ಹೋಯಿತು. ಕ್ಯೋಟೊ ಉಳಿಯಿತು.

ಆಮೇಲೆ ತಾರೀಖು. ನನ್ನ ಪ್ರಕಾರ ಥೀಮ್ ಪಾರ್ಕ್ ಪ್ರವಾಸದಲ್ಲಿ ಜಾಸ್ತಿ ತಲೆ ಓಡಿಸಬೇಕಾದ್ದು ಇಲ್ಲೇ. ದುಡ್ಡು ಕೊಟ್ಟು ಕ್ಯೂ ತಪ್ಪಿಸುವುದಕ್ಕಿಂತ ಜನ ಇಲ್ಲದ ದಿನ ಹುಡುಕುವುದು ಅಗ್ಗ. ನಮ್ಮ ಮಗನಿಗೆ ರಜೆ ಯಾವಾಗ ಅಂತ ನೋಡಿದರೆ ಸಾಲದು, ಅಲ್ಲಿನ ಮಕ್ಕಳಿಗೆ ರಜೆ ಯಾವಾಗ ಅಂತ ನೋಡಬೇಕು. ಏಪ್ರಿಲ್ 29ರಿಂದ ಮೇ 5ರ ತನಕ ಜಪಾನಿನಲ್ಲಿ ಸಾಲು ಸಾಲು ಸರ್ಕಾರಿ ರಜೆ. ಅದನ್ನು ಗೋಲ್ಡನ್ ವೀಕ್ ಅನ್ನುತ್ತಾರೆ. ಇಡೀ ದೇಶವೇ ರೈಲು ಹತ್ತಿರುತ್ತದೆ. ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರ ಅವರ ಶಾಲೆಗಳಿಗೆ ವಸಂತದ ರಜೆ. ಜೂನ್ ಎರಡನೇ ವಾರದ ಹೊತ್ತಿಗೆ ಅಲ್ಲಿನ ಮಳೆಗಾಲ ಹಿಡಿದುಕೊಳ್ಳುತ್ತದೆ. ನಡುವೆ ಉಳಿದದ್ದು ಮೇ ಎರಡನೇ ವಾರದಿಂದ ಜೂನ್ ಮೊದಲ ವಾರ.

ಅದರೊಳಗೂ ಸಣ್ಣ ಸಣ್ಣ ಬಲೆಗಳಿವೆ. ಡಿಸ್ನಿ ಹೆಸರಲ್ಲಿ ಟೋಕಿಯೊ ಇದ್ದರೂ ಪಾರ್ಕ್ ಇರುವುದು ಪಕ್ಕದ ಚಿಬಾ ಪ್ರಾಂತ್ಯದ ಉರಯಾಸು ಊರಿನಲ್ಲಿ. ಜೂನ್ 15 ಚಿಬಾ ಪ್ರಾಂತ್ಯದ ದಿನ, ಅಲ್ಲಿನ ಸರ್ಕಾರಿ ಶಾಲೆಗಳಿಗೆ ರಜೆ. ಆ ಮಕ್ಕಳು ಎಲ್ಲಿಗೆ ಹೋಗುತ್ತಾರೆ ಅಂತ ಹೇಳಬೇಕಾಗಿಲ್ಲ. ಇನ್ನು ಸೋಮವಾರ. ಮೇ ಕೊನೆಯಲ್ಲಿ ಎಷ್ಟೋ ಶಾಲೆಗಳ ಕ್ರೀಡಾದಿನ ವಾರಾಂತ್ಯಕ್ಕೆ ಬೀಳುತ್ತದೆ, ಅದರ ಬದಲಿಗೆ ಸೋಮವಾರ ರಜೆ ಕೊಡುತ್ತಾರೆ. ಹಾಗಾಗಿ ಸೋಮವಾರ ಖಾಲಿ ಇರುತ್ತೆ ಅನ್ನುವ ನಮ್ಮ ಲೆಕ್ಕ ಅಲ್ಲಿ ತಲೆಕೆಳಗು. ಡಿಸ್ನಿಸೀಗೆ ಮೇ 27, ಯೂನಿವರ್ಸಲ್‌ಗೆ ಜೂನ್ 3 ಅಂತ ಗುರುತು ಹಾಕಿದೆ. ಎರಡೂ ಮಂಗಳವಾರ.

ವಿಮಾನದ ವಿಷಯದಲ್ಲಿ ಒಂದೇ ಜಾಣತನ ಮಾಡಿದ್ದು. ಟೋಕಿಯೊದ ಹನೇದಾದಲ್ಲಿ ಇಳಿದು ಒಸಾಕಾ ಕಡೆಯ ಕಾನ್ಸಾಯ್ ನಿಲ್ದಾಣದಿಂದ ವಾಪಸ್. ಬಂದ ದಾರಿಯಲ್ಲೇ ಮತ್ತೆ ಟೋಕಿಯೊಗೆ ಓಡುವುದು ತಪ್ಪಿತು.

ಇದರಿಂದ ನಮ್ಮವರ ದೊಡ್ಡ ಆಸೆಯೊಂದಕ್ಕೆ ಕಲ್ಲು ಬಿತ್ತು. ಅವರಿಗೆ ಜಪಾನ್ ರೈಲ್ ಪಾಸ್, ಅಂದರೆ ಇಂತಿಷ್ಟು ದಿನ ರೈಲುಗಳಲ್ಲಿ ಓಡಾಡುವ ಪಾಸ್, ಕೊಳ್ಳಲೇಬೇಕು ಅಂತ ಹಟ. ಯಾರೋ ಗೆಳೆಯರು ಹತ್ತು ವರ್ಷದ ಹಿಂದೆ ಹೋಗಿ ಬಂದವರು ತಲೆಗೆ ತುಂಬಿದ್ದರು. ಏಳು ದಿನದ ಪಾಸ್ 2023ರ ಅಕ್ಟೋಬರ್ ತನಕ 29,650 ಯೆನ್ ಇತ್ತು. ಆ ತಿಂಗಳಿಂದ ಒಂದೇ ಏಟಿಗೆ 50,000. ನಾವು ಹೋಗುವುದು ಟೋಕಿಯೊದಿಂದ ಒಸಾಕಾದ ಶಿನ್ ಒಸಾಕಾ ಸ್ಟೇಷನ್‌ಗೆ ಒಂದೇ ಸಲ. ಅತಿ ವೇಗದ ನೊಜೋಮಿ ರೈಲಿನಲ್ಲಿ ಸೀಟು ಕಾಯ್ದಿರಿಸಿದರೂ ತಲೆಗೆ 15,000 ಯೆನ್ ಒಳಗೇ ಆಗುತ್ತದೆ, ಮಗನಿಗೆ ಅರ್ಧ. ಕಾಗದದ ಮೇಲೆ ಕೂಡಿ ತೋರಿಸಿದೆ. ಅವರು ಸುಮ್ನೆ ತಲೆ ಆಡಿಸಿ, "ಆದ್ರೂ ಪಾಸ್ ಅಂದ್ರೆ ಪಾಸೇ" ಅಂದರು. ಕೊನೆಗೆ ಫುಜಿ ಬೆಟ್ಟ ಕಾಣುವ ಕಡೆ, ಅಂದರೆ ಒಸಾಕಾಗೆ ಹೋಗುವಾಗ ಬಲಗಡೆಯ 'ಇ' ಸೀಟು ಅವರಿಗೇ ಅಂತ ಒಪ್ಪಂದವಾಯಿತು.

ಅದೇ ರೈಲಿನಲ್ಲಿ ಸೂಟ್‌ಕೇಸ್‌ಗೂ ನಿಯಮ ಇದೆ. ಉದ್ದ, ಅಗಲ, ಎತ್ತರ ಮೂರೂ ಕೂಡಿ 160 ಸೆಂಟಿಮೀಟರ್ ದಾಟಿದರೆ ಅದಕ್ಕೆ ಜಾಗ ಇರುವ ಸೀಟನ್ನೇ ಮೊದಲು ಬುಕ್ ಮಾಡಬೇಕು. ಮಗನನ್ನು ಅಳೆದ ಟೇಪ್‌ನಲ್ಲೇ ಸೂಟ್‌ಕೇಸ್ ಅಳೆದೆ. 158. ಬದುಕಿದೆ. ಆದರೂ ಅತ್ತೆಯ ಕೈ ಹಿಡಿದುಕೊಂಡು ಪೆಟ್ಟಿಗೆ ಎಳೆಯುವುದು ಬೇಡ ಅಂತ ದೊಡ್ಡ ಪೆಟ್ಟಿಗೆಗಳನ್ನು ಟೋಕಿಯೊ ಹೋಟೆಲಿನಿಂದ ಒಸಾಕಾ ಹೋಟೆಲಿಗೆ ಕಳಿಸಿಬಿಡುವುದು ಅಂತ ತೀರ್ಮಾನ ಮಾಡಿದೆವು. ಅಲ್ಲಿ ಇದಕ್ಕೆ ತಕುಹಾಯ್‌ಬಿನ್ ಅನ್ನುತ್ತಾರೆ. ಹೋಟೆಲಿನ ಕೌಂಟರಿನಲ್ಲಿ ಚೀಟಿ ಬರೆದುಕೊಟ್ಟರೆ ಮರುದಿನ ಆ ಊರಿನಲ್ಲಿ ಪೆಟ್ಟಿಗೆ ಕಾಯುತ್ತಿರುತ್ತದೆ. ಇಡೀ ಪ್ರವಾಸದಲ್ಲಿ ಮನಸ್ಸಿಗೆ ನೋವಿಲ್ಲದೆ ಖರ್ಚು ಮಾಡಿದ ದುಡ್ಡು ಅದೊಂದೇ.

ವೀಸಾ ಅರ್ಜಿ ಸುಲಭವಾಗಿತ್ತು, ಆದರೆ ಅದು ನನ್ನನ್ನು ಒಂದು ವಿಚಿತ್ರ ಗಂಟಿಗೆ ಸಿಕ್ಕಿಸಿತು. ಯಾವ ದಿನ ಎಲ್ಲಿ, ಯಾವ ಹೋಟೆಲ್ ಅಂತ ದಿನದಿನದ ಕಾರ್ಯಕ್ರಮ ಬರೆದುಕೊಡಬೇಕು. ಡಿಸ್ನಿ ಟಿಕೆಟ್ ಮಾರಾಟಕ್ಕೆ ಬರುವುದು ಎರಡು ತಿಂಗಳ ಮೊದಲು ಮಾತ್ರ. ಅಂದರೆ ಇನ್ನೂ ಕೈಯಲ್ಲಿಲ್ಲದ ಟಿಕೆಟ್ ನಂಬಿಕೊಂಡು ಕಾರ್ಯಕ್ರಮ ಬರೆಯಬೇಕು. ನಾನು ಮಾಡಿದ್ದು ಇಷ್ಟೇ. ರದ್ದು ಮಾಡಿದರೆ ದುಡ್ಡು ವಾಪಸ್ ಬರುವ ಹೋಟೆಲುಗಳನ್ನೇ ಹಿಡಿದೆ. ಪಾಸ್‌ಪೋರ್ಟ್‌ಗಳ ಅವಧಿ ಒಂದೊಂದಾಗಿ ನೋಡುವಾಗ ಮಗ ಪಕ್ಕದಲ್ಲೇ ಕೂತಿದ್ದ. ಅವನ ಪಾಸ್‌ಪೋರ್ಟ್‌ಗೆ ಇನ್ನು ಎರಡೂವರೆ ವರ್ಷ ಬಾಕಿ. "ಆಮೇಲೆ?" ಅಂದ. ಹೊಸದು ಮಾಡಿಸಬೇಕು ಅಂದೆ. ಅದನ್ನು ಅವನು ಅಷ್ಟು ಗಟ್ಟಿಯಾಗಿ ನೆನಪಿಟ್ಟುಕೊಳ್ಳುತ್ತಾನೆ ಅಂತ ಗೊತ್ತಿರಲಿಲ್ಲ.

ಹೋಟೆಲ್ ಹುಡುಕುವಾಗ ಎರಡು ವಿಷಯ ತಿಳಿಯಿತು. ಜಪಾನಿನ ಎಷ್ಟೋ ಹೋಟೆಲುಗಳು ಕೋಣೆಗಲ್ಲ, ತಲೆಗೆ ಲೆಕ್ಕ ಹಾಕುತ್ತವೆ. ಶಾಲೆಗೆ ಸೇರದ ಪುಟ್ಟ ಮಕ್ಕಳು ಅಪ್ಪ ಅಮ್ಮನ ಜೊತೆ ಮಲಗಿದರೆ ಬಿಟ್ಟಿ. ನನ್ನ ಮಗನ ವಯಸ್ಸಿಗೆ ಆ ಬಾಗಿಲು ಮುಚ್ಚಿರುತ್ತದೆ. ಇನ್ನೊಂದು, ಆ ವರ್ಷ ಏಪ್ರಿಲ್ 13ರಿಂದ ಅಕ್ಟೋಬರ್ 13ರ ತನಕ ಒಸಾಕಾದಲ್ಲಿ ವಿಶ್ವ ಎಕ್ಸ್‌ಪೋ. ಅದು ನಡೆಯುವ ಯುಮೆಶಿಮಾ ದ್ವೀಪ ಯೂನಿವರ್ಸಲ್‌ಗೆ ಹತ್ತಿರ. ಪಾರ್ಕಿನ ಪಕ್ಕದ ಹೋಟೆಲುಗಳ ದರ ನೋಡಿ ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ. ಕೊನೆಗೆ ನಿಶಿಕುಜೊ ಸ್ಟೇಷನ್ ಹತ್ತಿರ ಒಂದು ಸಾಧಾರಣ ಜಾಗ ಸಿಕ್ಕಿತು. ಯೂನಿವರ್ಸಲ್ ಕಡೆ ಹೋಗುವ ಯುಮೆಸಾಕಿ ಲೈನ್ ಹೊರಡುವುದೇ ಅಲ್ಲಿಂದ.

ಟೋಕಿಯೊದಲ್ಲಿ ಹೋಟೆಲ್ ಆರಿಸಿಕೊಟ್ಟದ್ದು ಅತ್ತೆಯ ಮಂಡಿ. ಡಿಸ್ನಿಗೆ ಹೋಗುವ ಕೇಯೊ ಲೈನ್ ಟೋಕಿಯೊ ಸ್ಟೇಷನ್‌ನಲ್ಲೇ ಸಿಗುತ್ತದೆ, ಮೈಹಾಮಾ ಸ್ಟೇಷನ್‌ಗೆ ಹದಿನೈದು ನಿಮಿಷ ಅಷ್ಟೇ. ಓದೋಕೆ ಚೆನ್ನಾಗಿದೆ. ಆದರೆ ಆ ಲೈನಿನ ಪ್ಲಾಟ್‌ಫಾರ್ಮ್ ನೆಲದಡಿ ಎಲ್ಲೋ ಪಾತಾಳದಲ್ಲಿದೆ. ಬೇರೆ ರೈಲಿನಿಂದ ಇಳಿದು ಅಲ್ಲಿಗೆ ನಡೆಯಲು ಹತ್ತು ಹದಿನೈದು ನಿಮಿಷ ಬೇಕು. ಅದಕ್ಕೆ ಅದೇ ಲೈನಿನ ಮುಂದಿನ ಸ್ಟೇಷನ್ ಹಚ್ಚೋಬೊರಿಯಲ್ಲಿ ಹೋಟೆಲ್ ಹಿಡಿದೆ. ಸಣ್ಣ ಸ್ಟೇಷನ್, ಕಡಿಮೆ ನಡಿಗೆ, ನೇರ ರೈಲು. ಇದು ನನಗೆ ಹೊಳೆದದ್ದು ರಾತ್ರಿ ಒಂದು ಗಂಟೆಗೆ ರೈಲು ನಕ್ಷೆ ನೋಡುತ್ತಾ ಕೂತಾಗ. ಖುಷಿಗೆ ನಮ್ಮವರನ್ನು ಎಬ್ಬಿಸಿ ಹೇಳಿದೆ. ಅವರಿಗೆ ಖುಷಿಯಾದ ಹಾಗೆ ಕಾಣಲಿಲ್ಲ.

ಮಾರ್ಚ್ 27, ಟಿಕೆಟ್ ದಿನ. ಜಪಾನಿನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಮಾರಾಟ ಶುರು. ಅವರ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದೆ. ಕಳೆಯಬೇಕಾದ ಕಡೆ ನಾನು ಕೂಡಿದೆ. ಬೆಳಿಗ್ಗೆ ಹತ್ತೂವರೆಗೆ ಕೂರಬೇಕಾದವಳು ಸಂಜೆ ಐದೂವರೆಗೆ ಸ್ನಾನ ಮಾಡಿ, ದೇವರಿಗೆ ಕೈ ಮುಗಿದು, ಕಾರ್ಡ್ ಹಿಡಿದು ಕೂತೆ. ಪುಣ್ಯಕ್ಕೆ ಆ ಮಂಗಳವಾರಕ್ಕೆ ಟಿಕೆಟ್ ಇತ್ತು. ಜನ ಎಷ್ಟು ಬರಬಹುದು ಅನ್ನುವುದರ ಮೇಲೆ ದರ ಬದಲಾಗುತ್ತದೆ. ಆಗ ದೊಡ್ಡವರಿಗೆ 7,900ರಿಂದ 10,900 ಯೆನ್, ನಾಲ್ಕರಿಂದ ಹನ್ನೊಂದು ವರ್ಷದವರಿಗೆ 4,700ರಿಂದ 5,600. ಕಾರ್ಡ್ ಮೂರು ಸಲ ತಿರಸ್ಕಾರವಾಯಿತು. ನಾನು ಸೈಟನ್ನು ಬೈದೆ, ಬ್ಯಾಂಕನ್ನು ಬೈದೆ, ಇಂಟರ್ನೆಟ್ ಬೈದೆ. ಆಮೇಲೆ ನೋಡಿದರೆ ಬ್ಯಾಂಕ್ ಆಪ್‌ನಲ್ಲಿ ವಿದೇಶಿ ಆನ್‌ಲೈನ್ ವ್ಯವಹಾರದ ಸ್ವಿಚ್ ನಾನೇ ಎಂದೋ ಆಫ್ ಮಾಡಿಟ್ಟಿದ್ದೆ. ಆನ್ ಮಾಡಿದೆ. ನಾಲ್ಕನೇ ಸಲಕ್ಕೆ ಹೋಯಿತು.

ಈ ಸಲ ಬಚಾವಾದೆ ಅನ್ನುವ ಧೈರ್ಯದಲ್ಲಿ ಯೂನಿವರ್ಸಲ್ ವಿಷಯ ಏಪ್ರಿಲ್ ಕೊನೆಯ ತನಕ ಮುಟ್ಟಲೇ ಇಲ್ಲ. ಅದು ನಾನು ಮಾಡಿದ ನಿಜವಾದ ತಪ್ಪು. ಪ್ರವೇಶ ಟಿಕೆಟ್ ಸಿಕ್ಕಿತು. ದೊಡ್ಡವರಿಗೆ 8,600 ಯೆನ್‌ನಿಂದ ಶುರು, 65 ದಾಟಿದವರಿಗೆ ಸ್ವಲ್ಪ ಕಡಿಮೆ. ಕ್ಯೂ ತಪ್ಪಿಸುವ ಎಕ್ಸ್‌ಪ್ರೆಸ್ ಪಾಸ್ ಬೇರೆಯೇ ಕೊಳ್ಳಬೇಕು. ಅದರ ಬೆಲೆ ಎಷ್ಟೋ ದಿನ ಪ್ರವೇಶ ಟಿಕೆಟ್ಟಿಗಿಂತ ಜಾಸ್ತಿ. ಒಂದು ಪಾಸ್‌ನಲ್ಲಿ ಯಾವ ರೈಡ್‌ಗಳಿವೆ ಅನ್ನುವುದರ ಮೇಲೆ ಹತ್ತಾರು ಬಗೆ. ಮಾರಿಯೊ ಕಾರ್ಟ್ ರೈಡ್ ಇರುವ ಪಾಸ್ ಅಷ್ಟೂ ನಮ್ಮ ದಿನಕ್ಕೆ ಖಾಲಿ. 2021ರ ಮಾರ್ಚ್‌ನಲ್ಲಿ ತೆರೆದ, ಮಾರಿಯೊ ಇರುವ ಭಾಗವಾದ ಸೂಪರ್ ನಿಂಟೆಂಡೊ ವರ್ಲ್ಡ್ ಒಳಗೆ ಜನ ಜಾಸ್ತಿ ಇರುವ ದಿನ ಸುಮ್ಮನೆ ನಡೆದುಕೊಂಡು ಹೋಗುವ ಹಾಗಿಲ್ಲ. ಎಕ್ಸ್‌ಪ್ರೆಸ್ ಪಾಸ್ ಇರಬೇಕು, ಇಲ್ಲಾಂದ್ರೆ ಪಾರ್ಕ್ ಒಳಗೆ ಕಾಲಿಟ್ಟ ಮೇಲೆ ಆಪ್‌ನಲ್ಲಿ ಸಮಯದ ಚೀಟಿ ತೆಗೆದುಕೊಳ್ಳಬೇಕು. ಮಗ ಅಳು ಬರುತ್ತೆ ಅಂದಿದ್ದ ಒಂದೇ ಒಂದು ವಿಷಯವನ್ನು ನಾನು ಕೊನೆಗೆ ಇಟ್ಟಿದ್ದೆ. ಒಂದು ವಾರ ಅವನಿಗೆ ಹೇಳಲಿಲ್ಲ.

ಉಳಿದ ದಾರಿ ಒಂದೇ, ಬೇಗ ಹೋಗುವುದು. ಹೇಳಿದ ಸಮಯಕ್ಕಿಂತ ಮೊದಲೇ ಗೇಟ್ ತೆರೆಯುವುದು ಅಲ್ಲಿ ಮಾಮೂಲು. ಮೊದಲ ಅಲೆಯಲ್ಲಿ ಹೋದವರನ್ನು ಸಾಮಾನ್ಯವಾಗಿ ಚೀಟಿ ಕೇಳದೆ ಒಳಗೆ ಬಿಡುತ್ತಾರೆ. ಹಾಗಾಗಿ ಹಿಂದಿನ ದಿನ ಏನೂ ಇಟ್ಟುಕೊಳ್ಳಬಾರದು ಅಂತ ಮಾಡಿದೆವು. ಕ್ಯೋಟೊ ಎರಡು ದಿನ ಇದ್ದದ್ದು ಒಂದಾಯಿತು. ಜೂನ್ 2ರ ಮುಂದೆ 'ಮಲಗುವುದು' ಅಂತ ಬರೆದೆ. ಅತ್ತೆಗೆ ಇಡೀ ಕಾರ್ಯಕ್ರಮದಲ್ಲಿ ಬಹಳ ಇಷ್ಟವಾದ ಸಾಲು ಅದು.

ಎತ್ತರದ ಪಟ್ಟಿ ಫ್ರಿಜ್ ಮೇಲೆ ಅಂಟಿಸಿದ್ದೆ. ಮಾರಿಯೊ ಕಾರ್ಟ್‌ಗೆ ದೊಡ್ಡವರು ಜೊತೆಗಿದ್ದರೆ 107 ಸಾಕು. ಹ್ಯಾರಿ ಪಾಟರ್‌ನ ಫರ್ಬಿಡನ್ ಜರ್ನಿಗೆ 122, ಆಗಲ್ಲ. ತಲೆಕೆಳಗಾಗಿ ಹಾರಿಸುವ ಫ್ಲೈಯಿಂಗ್ ಡೈನೊಸಾರ್‌ಗೆ 132, ಮಾತೇ ಇಲ್ಲ. ಡಿಸ್ನಿಸೀಯಲ್ಲಿ 2024ರ ಜೂನ್‌ನಲ್ಲಿ ತೆರೆದ ಫ್ಯಾಂಟಸಿ ಸ್ಪ್ರಿಂಗ್ಸ್ ಭಾಗದ ಪೀಟರ್ ಪ್ಯಾನ್‌ಗೆ 102, ಫ್ರೋಜನ್ ಸಿನಿಮಾದ ಅನ್ನಾ ಎಲ್ಸಾ ದೋಣಿಗೆ ಎತ್ತರದ ಮಾತೇ ಇಲ್ಲ. ಅದರಲ್ಲಿ ಅತ್ತೆಯೂ ಕೂರಬಹುದು. ಆ ದೋಣಿಗೆ ಮಾತ್ರ ತಲೆಗೆ 2,000 ಯೆನ್ ಕೊಟ್ಟು ಪ್ರೀಮಿಯರ್ ಆಕ್ಸೆಸ್ ಅನ್ನುವ ಕ್ಯೂ ತಪ್ಪಿಸುವ ಪಾಸ್ ತೆಗೆದುಕೊಳ್ಳುವುದು ಅಂತ ಮೊದಲೇ ನಿರ್ಧಾರ ಮಾಡಿದೆವು. ಅದನ್ನು ಮನೆಯಿಂದ ಕೊಳ್ಳಲು ಆಗುವುದಿಲ್ಲ, ಗೇಟ್ ದಾಟಿದ ಮೇಲೆ ಆಪ್‌ನಲ್ಲೇ ಕೊಳ್ಳಬೇಕು. ಅದಕ್ಕೆ ನಾಲ್ಕೂ ಟಿಕೆಟ್ ನನ್ನ ಫೋನಿನಲ್ಲಿ, ಇ-ಸಿಮ್ ಎರಡು ಫೋನಿನಲ್ಲಿ, ಪವರ್ ಬ್ಯಾಂಕ್ ನಮ್ಮವರ ಜೇಬಿನಲ್ಲಿ. ಹಳೆಯ ವಿಡಿಯೊ ನೋಡಿ ಪ್ಲಾನ್ ಮಾಡಬೇಡಿ ಅಂತ ಮಾತ್ರ ಹೇಳುತ್ತೇನೆ. ಪಾಸ್‌ಗಳ ನಿಯಮ ವರ್ಷಕ್ಕೊಂದು ಸಲವಾದರೂ ಬದಲಾಗುತ್ತದೆ. ನಾನು ಮೂರು ರಾತ್ರಿ ಕೂತು ಬರೆದುಕೊಂಡದ್ದರಲ್ಲಿ ಅರ್ಧ ಹಳೆಯ ನಿಯಮ.

ಊಟದ್ದೂ ಒಂದು ಮಾತು. ಅತ್ತೆ ಮೀನು ಮುಟ್ಟುವುದಿಲ್ಲ. ಜಪಾನಿನಲ್ಲಿ ತರಕಾರಿ ಸೂಪ್ ಅಂತ ಕಂಡದ್ದರಲ್ಲೂ ದಾಶಿ ಅನ್ನುವ ಸಾರು ಇರುತ್ತದೆ. ಅದನ್ನು ಬಹುಪಾಲು ಒಣ ಮೀನಿನಿಂದಲೇ ಮಾಡುವುದು. ಬುತ್ತಿ ಕಟ್ಟಿಕೊಂಡು ಡಿಸ್ನಿ ಒಳಗೆ ಹೋಗಿ ತಿನ್ನುವ ಹಾಗಿಲ್ಲ, ಗೇಟಿನ ಹೊರಗೆ ಪಿಕ್ನಿಕ್ ಜಾಗ ಇದೆ. 'ಮೀನು ತಿನ್ನುವುದಿಲ್ಲ, ದಾಶಿಯೂ ಬೇಡ' ಅಂತ ಜಪಾನಿ ಅಕ್ಷರದಲ್ಲಿ ಚೀಟಿ ಮಾಡಿಸಿ ಅವರ ಪರ್ಸ್‌ನಲ್ಲಿಟ್ಟೆ. ಅವರು ಅದನ್ನು ಪಾಸ್‌ಪೋರ್ಟ್‌ಗಿಂತ ಜೋಪಾನ ಮಾಡಿದರು.

ಹೊರಡುವ ಹಿಂದಿನ ಭಾನುವಾರ ಬಾಗಿಲ ಗೆರೆ 117ರ ಮೇಲೆ ಬಂತೋ ಕೆಳಗೆ ಬಂತೋ ಅಂತ ಗಂಡ ಹೆಂಡತಿಗೆ ಜಗಳ. ನಮ್ಮವರು ಸ್ಕೇಲ್ ಓರೆ ಇದೆ ಅಂದರು. ಮಗ ಉಸಿರು ಬಿಗಿಹಿಡಿದು ನಿಂತಿದ್ದ.

ಮೇ 27ರಂದು ಜ್ವಾಲಾಮುಖಿಯ ಬಾಗಿಲಲ್ಲಿ ಅಳತೆ ಕೋಲು ಹಿಡಿದ ಹುಡುಗಿ ಅವನನ್ನು ನೇರ ನಿಲ್ಲಿಸಿದಳು. ಕೋಲು ಅವನ ಕೂದಲಿಗಲ್ಲ, ತಲೆಗೇ ತಾಗಿತು. ಅವಳು ಎರಡೂ ಕೈಯಲ್ಲಿ ದಾರಿ ತೋರಿಸಿದಳು. ನಾಲ್ಕು ತಿಂಗಳು ಅಳೆದದ್ದಕ್ಕೆ ಒಳಗೆ ಸಿಕ್ಕಿದ್ದು ಕೆಲವೇ ನಿಮಿಷ. ಹೊರಗೆ ಬಂದ ಮೇಲೆ ಹತ್ತು ನಿಮಿಷ ಮಗ ಮಾತೇ ಆಡಲಿಲ್ಲ. ಆಮೇಲೆ ನನ್ನ ಕೈ ಬಿಡಿಸಿಕೊಂಡು, "ನಾನು ಅಜ್ಜಿ ಜೊತೆ ದೋಣೀಲಿ ಹೋಗ್ತೀನಿ" ಅಂದ. ಅಜ್ಜಿ ಮೊಮ್ಮಗ ಇಬ್ಬರೂ ಪಾರ್ಕಿನ ನೀರಿನಲ್ಲಿ ಓಡಾಡುವ ಸ್ಟೀಮರ್‌ನಲ್ಲಿ ಅವತ್ತು ಮೂರು ಸುತ್ತು ಹಾಕಿದರು. ಮಾರಿಯೊ ಕಾರ್ಟ್ ಕೂಡ ಸಿಕ್ಕಿತು, ಬೆಳಿಗ್ಗೆ ಐದಕ್ಕೆ ಎದ್ದದ್ದಕ್ಕೆ.

ವಾಪಸ್ ಬಂದು ಪೆಟ್ಟಿಗೆ ಬಿಚ್ಚುವ ಮೊದಲೇ ಅಡುಗೆಮನೆಯಿಂದ ಕುರ್ಚಿ ಎಳೆಯುವ ಸದ್ದು ಕೇಳಿಸಿತು. ಹೋಗಿ ನೋಡಿದರೆ ಮಗ ಕುರ್ಚಿ ಹತ್ತಿ, ಟೇಪ್ ಹಿಡಿದು, ಬಾಗಿಲ ಚೌಕಟ್ಟಿನ ಮೇಲೆ ತನ್ನ ಗೆರೆಗಳಿಗಿಂತ ಒಂದು ಗೇಣು ಎತ್ತರಕ್ಕೆ ಹೊಸ ಗೆರೆ ಎಳೆಯುತ್ತಿದ್ದ. ಪಕ್ಕದಲ್ಲಿ 132 ಅಂತ ಬರೆದ. ಅಷ್ಟಾಗೋಕೆ ಇನ್ನೂ ಮೂರು ವರ್ಷ ಬೇಕು ಕಣೋ ಅಂದೆ.

"ಅಷ್ಟರಲ್ಲಿ ನನ್ನ ಪಾಸ್‌ಪೋರ್ಟ್ ಮುಗಿದಿರುತ್ತೆ. ಮೊದಲೇ ಮಾಡಿಸಿಡಮ್ಮ" ಅಂದ.